ಒದ್ದೆ ಗೋಣಿ ಹೊದ್ದ ಆಂಪ್ಲಿಫೈಯರ್

ನಾನು ಗಿಟಾರ್ ನುಡಿಸುವುದನ್ನು ನಮ್ಮ ಜಿಲ್ಲೆಯಲ್ಲಿ ಬಹಳ ಜನ ನೋಡಿದ್ದಾರೆ. ಕೇಳಿದವರು ಮಾತ್ರ ಕಡಿಮೆ. ಹಗಲೆಲ್ಲ ಮಾಸ್ತಿ ಕಡೆಯ ಒಂದು ಹಾಲಿನ ಡೈರಿಯಲ್ಲಿ ಕೊಬ್ಬಿನ ಅಂಶ ಅಳೆಯುತ್ತೇನೆ. ಸಂಜೆಗಳಲ್ಲಿ, ಭಾನುವಾರಗಳಲ್ಲಿ, ರಜಾ ಸಿಕ್ಕ ದಿನಗಳಲ್ಲಿ ಮಾಲೂರಿನ ಒಂದು ವಾದ್ಯಗೋಷ್ಠಿಯ ಜೊತೆ ವೇದಿಕೆಯ ಎಡತುದಿಯಲ್ಲಿ ನಿಲ್ಲುತ್ತೇನೆ. ಹೀಗೆ ನಿಲ್ಲತೊಡಗಿ ಹದಿನಾಲ್ಕು ವರ್ಷವಾಯಿತು.

ನಮ್ಮ ತಂಡದಲ್ಲಿ ಐದು ಜನ. ಹಾಡುವ ಯಜಮಾನರು, ಅವರ ಜೊತೆಗೆ ಹಾಡುವ ಒಬ್ಬ ಹೆಣ್ಣುಮಗಳು, ತಾಳಕ್ಕೊಬ್ಬರು, ಕೀಬೋರ್ಡಿಗೊಬ್ಬರು, ಮತ್ತೆ ನಾನು. ತೊಂದರೆ ಇರುವುದು ಕೀಬೋರ್ಡಿನಲ್ಲಿ. ಅದರಲ್ಲಿ ಕೊಳಲಿಗೆ ಒಂದು ಗುಂಡಿ, ಪಿಟೀಲಿಗೆ ಒಂದು ಗುಂಡಿ ಇರುವ ಹಾಗೆ ಗಿಟಾರಿಗೂ ಒಂದು ಗುಂಡಿ ಇದೆ. ಹಾಡಿನಲ್ಲಿ ಗಿಟಾರ್ ಬರುವ ಜಾಗ ಹತ್ತಿರವಾದಂತೆ ನಾನು ಉಸಿರು ಹಿಡಿದು ತಂತಿಯ ಮೇಲೆ ಬೆರಳಿಡುತ್ತೇನೆ. ಅಷ್ಟರಲ್ಲಿ ಅವರ ಬೆರಳು ಆ ಗುಂಡಿಯ ಮೇಲೆ ಹೋಗಿರುತ್ತದೆ. ಒಳ್ಳೆಯ ಮನುಷ್ಯ, ಬೇಕಂತ ಮಾಡುವುದಿಲ್ಲ, ಅಭ್ಯಾಸಬಲ ಅಷ್ಟೆ. ಯಜಮಾನರ ಹತ್ತಿರ ದೂರು ಹೇಳಿದರೆ, "ನೀನು ನಿಂತ್ಕೋ ಕಣೋ ಸಾಕು, ಗಿಟಾರ್ ಇದ್ರೆ ಸ್ಟೇಜಿಗೆ ಒಂದು ಕಳೆ" ಎನ್ನುತ್ತಿದ್ದರು. ಮದುವೆ ಮಂಟಪಕ್ಕೆ ಕಟ್ಟಿದ ಬಾಳೆಕಂದಿಗೂ ಅವರು ಇದೇ ಮಾತು ಹೇಳುತ್ತಿದ್ದರೆಂದು ನನ್ನ ಅನುಮಾನ.

ಒಮ್ಮೆ ಶ್ರೀನಿವಾಸಪುರದ ಒಂದು ಮದುವೆಯಲ್ಲಿ ನನ್ನ ಗಿಟಾರಿನ ಕೇಬಲ್ ಕಳಚಿಕೊಂಡು ಮೂರು ಹಾಡು ಕಳೆದುಹೋದವು. ಯಾರಿಗೂ ಗೊತ್ತಾಗಲಿಲ್ಲ. ಮೊದಲನೇ ಹಾಡು ಮುಗಿಯುವವರೆಗೆ ನನಗೂ ಗೊತ್ತಾಗಲಿಲ್ಲ ಎಂದು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಕೆಳಗಿಳಿದು ಬಂದಾಗ ಮೊದಲ ಸಾಲಿನಲ್ಲಿ ಕೂತಿದ್ದ ನನ್ನ ಮಾವ ಎದ್ದು ನಿಂತು, ಎಂದಿನಂತೆ, "ಚೆನ್ನಾಗಿತ್ತು" ಎಂದರು.

ಈ ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಅವರದು ಕೋಲಾರ ತಾಲ್ಲೂಕಿನ ಹುತ್ತೂರು ಕಡೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಮನೆ. ಮನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ, ಎರಡರಲ್ಲೂ ಮಾತು ಕಡಿಮೆ. ನೋಡಿದ್ದಕ್ಕೆ, ಉಂಡದ್ದಕ್ಕೆ, ಕೇಳಿದ್ದಕ್ಕೆ ಅವರದು ಒಂದೇ ಅಭಿಪ್ರಾಯ. ಬೀಗರ ಮನೆಯ ಊಟ ಚೆನ್ನಾಗಿತ್ತು, ಕಣ್ಣಿನ ಆಪರೇಷನ್ ಚೆನ್ನಾಗಿತ್ತು, ಅಳಿಯನ ಗಿಟಾರ್ ಚೆನ್ನಾಗಿತ್ತು. ಹತ್ತಿರದಲ್ಲಿ ಎಲ್ಲಿ ನಮ್ಮ ಕಾರ್ಯಕ್ರಮ ಇದ್ದರೂ ಬಿಳಿ ಪಂಚೆ ಉಟ್ಟು ಬಂದು ಮುಂದೆ ಕೂರುವುದು, ಕೊನೆಗೆ ಆ ಒಂದು ಮಾತನ್ನು ಹೇಳಿ ಬಸ್ಸು ಹತ್ತುವುದು ಅವರ ಪದ್ಧತಿ. ನನ್ನ ಹೆಂಡತಿ ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಫೋನ್ ಮಾಡಿ, ಉತ್ತರ ಗೊತ್ತಿದ್ದೂ, "ಅಪ್ಪ ಏನಂದ್ರು?" ಎಂದು ಕೇಳುತ್ತಾಳೆ. ನಾನು ಉತ್ತರಿಸುವ ಮೊದಲೇ ನಗುತ್ತಾಳೆ.

ನನಗಿದ್ದ ಆಸೆ ಒಂದೇ. ಆ ಮನುಷ್ಯ ಒಂದೇ ಒಂದು ಸಲ ನನ್ನ ಗಿಟಾರನ್ನು ನಿಜವಾಗಿ ಕೇಳಬೇಕು, ಕೇಳಿದ್ದಾರೆಂದು ನನಗೆ ಗೊತ್ತಾಗಬೇಕು. ಇದೆಂಥ ಸಣ್ಣ ಆಸೆ ಎಂದು ಹೆಂಡತಿ ಹಂಗಿಸುತ್ತಿದ್ದಳು. ಇರಬಹುದು. ಆದರೆ ಊರೆಲ್ಲ ಚಪ್ಪಾಳೆ ತಟ್ಟಿದರೂ ಆ "ಚೆನ್ನಾಗಿತ್ತು" ಕಿವಿಗೆ ಬಿದ್ದ ಕೂಡಲೇ ನನ್ನ ಮುಖ ಚಿಕ್ಕದಾಗುತ್ತಿತ್ತು.

ಅವರಿಗೆ ಕಿವಿ ಮಂದವೇನೂ ಅಲ್ಲ. ಹುಳು ಕೊನೆಯ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಸೊಪ್ಪಿಗೆ ಬಿದ್ದಾಗ, ಆ ಮನೆಯೊಳಗೆ ಸಣ್ಣ ಮಳೆ ಸುರಿದಂಥ ಸದ್ದು ತುಂಬಿರುತ್ತದೆ. ಮಾವ ಬೆಳಿಗ್ಗೆ ಬಾಗಿಲ ಹೊರಗೆ ಕಣ್ಣು ಮುಚ್ಚಿ ನಿಂತು ಆ ಸದ್ದನ್ನು ಕೇಳುತ್ತಾರೆ. ಸೊಪ್ಪು ಸಾಲದೋ, ಒಳಗೆ ಶಾಖ ಹೆಚ್ಚಾಗಿದೆಯೋ, ಯಾವ ಮೂಲೆಯ ಹುಳು ಮೇವು ಬಿಟ್ಟಿದೆಯೋ ಎಲ್ಲ ಹೊರಗಿನಿಂದಲೇ ಹೇಳುತ್ತಾರೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೆ. ನೋಡಿ, ರೈತಾಪಿ ಜನರ ಜಾಣತನ ಎಂದುಕೊಂಡು ಕಾಫಿ ಕುಡಿಯಲು ಹೋಗಿದ್ದೆ.

ನನ್ನ ಆಸೆ ಈಡೇರದಿರಲು ಕಾರಣ ನನ್ನ ನುಡಿಸಾಣಿಕೆ ಎಂದು ನಾನು ಒಪ್ಪುವವನಲ್ಲ. ತಪ್ಪು ಎಲ್ಲ ವಾದ್ಯಗಳ ಸದ್ದನ್ನು ಬೆರೆಸಿ ಸ್ಪೀಕರಿಗೆ ಕಳಿಸುವ ಮಿಕ್ಸರಿನದು ಎಂದು ತೀರ್ಮಾನಿಸಿದೆ. ಗಿಟಾರನ್ನು ನೇರ ಮಿಕ್ಸರಿಗೆ ಸಿಕ್ಕಿಸಿದರೆ ಅದಕ್ಕೆ ಜೀವ ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲಿ ಒಬ್ಬರು ತಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಗಿಟಾರಿಗೆಂದೇ ಆಂಪ್ಲಿಫೈಯರ್ ಕಟ್ಟುತ್ತಾರೆಂದು ಗೊತ್ತಾಯಿತು. ಕಂಪನಿಯಲ್ಲ, ಒಬ್ಬರೇ. ಪೆಟ್ಟಿಗೆಯ ಮರ ಕೊಯ್ಯುವುದೂ ಅವರೇ, ತಂತಿ ಬೆಸೆಯುವುದೂ ಅವರೇ. ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳನ್ನು ಹಾಕಿ, ವರ್ಷಕ್ಕೆ ಕೆಲವನ್ನು ಮಾತ್ರ ಮಾಡಿ, ಕೇಳಿದವರನ್ನೆಲ್ಲ ತಿಂಗಳುಗಟ್ಟಲೆ ಕಾಯಿಸುತ್ತಾರೆ. ನೀವು ಯಾವ ತರಹದ ಸಂಗೀತ ನುಡಿಸುತ್ತೀರಿ ಎಂದು ಫೋನಿನಲ್ಲಿ ಕೇಳಿದರು. ಹೆಣ್ಣಿನ ಕಡೆಯವರು ಕೇಳಿದ್ದೆಲ್ಲ ಎಂದು ನಿಜ ಹೇಳಲು ಮನಸ್ಸಾಗದೆ, ಎಲ್ಲಾ ತರಹದ್ದೂ ಎಂದೆ.

ಏಳು ತಿಂಗಳು ಕಾದು ತಂದೆ. ಅವರು ಅದರ ಗುಣವನ್ನು ಹೀಗೆ ವಿವರಿಸಿದ್ದರು: ಸೌಂಡಿನ ಗುಂಡಿ ಐದರ ಕೆಳಗಿದ್ದರೆ ಸ್ವರ ತಿಳಿಯಾಗಿರುತ್ತದೆ. ಐದು ದಾಟಿಸಿದರೆ ಒಡೆಯಲು ಶುರುವಾಗುತ್ತದೆ. ಕೆಟ್ಟು ಒಡೆಯುವುದಲ್ಲ, ಅಳು ಬಂದಾಗ ಗಂಟಲು ಒಡೆಯುವ ಹಾಗೆ. ಮೆಲ್ಲಗೆ ಮೀಟಿದರೆ ತಿಳಿ, ಬಿಗಿಯಾಗಿ ಮೀಟಿದರೆ ಒಡಕು. ಈ ವ್ಯತ್ಯಾಸ ಬೆರಳಿನಿಂದಲೇ ಬರಬೇಕು, ಇದಕ್ಕೇ ಜನ ಇಂಥ ಪೆಟ್ಟಿಗೆಯನ್ನು ಹುಡುಕಿಕೊಂಡು ಬರುವುದು ಎಂದಿದ್ದರು. ನಾನು ಆ ವಾರವೆಲ್ಲ ಡೈರಿಯಲ್ಲಿ ಹಾಲಿನ ಕೊಳವೆ ಹಿಡಿದುಕೊಂಡೇ ಮೆಲ್ಲಗೆ, ಬಿಗಿಯಾಗಿ ಎಂದು ಬೆರಳಾಡಿಸುತ್ತಿದ್ದೆ.

ಮೊದಲು ಅದನ್ನು ತೋರಿಸಲು ಒಯ್ದದ್ದು ಹುತ್ತೂರಿಗೆ. ಜಗುಲಿಯ ಮೇಲಿಟ್ಟು ಸ್ವಿಚ್ ಹಾಕಿದೆ. ಹಿಂಬದಿ ತೆರೆದೇ ಇರುವ ಪೆಟ್ಟಿಗೆ ಅದು, ವಾಲ್ವ್‌ಗಳು ನಿಧಾನವಾಗಿ ಕೆಂಡದ ಬಣ್ಣಕ್ಕೆ ತಿರುಗಿದವು. ಅತ್ತೆ ಅಕ್ಕಿಹಿಟ್ಟಿನ ರೊಟ್ಟಿ ಬೇಯುತ್ತದಾ ಎಂದು ಕೇಳಿದರು. ಮಾವ ಮೇಲುಗಡೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಯೋಚಿಸಿ, "ಚಾಕಿ ಮನೆಗೆ ಸರಿಯಾದ ಶಾಖ" ಎಂದರು. ಮೊಟ್ಟೆಯಿಂದ ಆಗತಾನೇ ಹೊರಬಂದ ಮರಿಹುಳುಗಳನ್ನು ಬೆಚ್ಚಗಿಡುವ ಕೋಣೆಗೆ ಚಾಕಿ ಮನೆ ಎನ್ನುತ್ತಾರೆ. ಅವರ ಅಂಗೈ ಥರ್ಮಾಮೀಟರಿಗಿಂತ ನಿಖರವೆಂದು ಆ ಕಡೆಯವರೆಲ್ಲ ನಂಬುತ್ತಾರೆ.

ಆಗ ನಾನು ತೆಪ್ಪಗೆ ಗಿಟಾರ್ ನುಡಿಸಿ ತೋರಿಸಿದ್ದರೆ ಆಗುತ್ತಿತ್ತು. ಬದಲಿಗೆ ದೊಡ್ಡ ಭಾಷಣ ಮಾಡಿದೆ. ಇದು ಬಹಳ ಸೂಕ್ಷ್ಮ, ಹತ್ತು ನಿಮಿಷ ಕಾಯಿಸದೆ ನುಡಿಸಬಾರದು, ಅಲುಗಾಡಿಸಬಾರದು, ಶಾಖ ಮಿತಿಮೀರಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದೆಲ್ಲ ಹೇಳಿದೆ. ಮಾವ ಗಂಭೀರವಾಗಿ ತಲೆಯಾಡಿಸುತ್ತ ಕೇಳಿದರು. ಸ್ವರ ಒಡೆಯುವ ವಿಚಾರವನ್ನು ಮಾತ್ರ ಹೇಳಲಿಲ್ಲ. ಅದನ್ನು ವೇದಿಕೆಯ ಮೇಲೆ ಕೇಳಿಸಿ ಬೆರಗು ಮಾಡೋಣ ಎಂದು ಬಚ್ಚಿಟ್ಟುಕೊಂಡೆ.

ನವೆಂಬರ್ ಬಂತು. ನಮ್ಮ ಕಡೆ ರಾಜ್ಯೋತ್ಸವ ಎಂದರೆ ಒಂದು ದಿನದ್ದಲ್ಲ, ಒಂದು ತಿಂಗಳಿನದು. ಮಾಲೂರು, ಕೋಲಾರ, ಯಲ್ದೂರು ಎಂದು ವ್ಯಾನಿನಲ್ಲಿ ಸುತ್ತುತ್ತಲೇ ಇದ್ದೆವು. ಆಂಪ್ಲಿಫೈಯರ್ ಎಲ್ಲ ಕಡೆ ಬಂತು, ಎಲ್ಲೂ ಬಾಯಿ ಬಿಡಲಿಲ್ಲ. ಸೌಂಡ್ ಸಿಸ್ಟಮ್ ಇಟ್ಟವರು ಅದರ ಮುಂದೆ ಒಂದು ಮೈಕು ನೇತುಹಾಕಿ, ಗುಂಡಿಯನ್ನು ಎರಡರ ಮೇಲೆ ಏರಿಸಬೇಡಿ ಸಾರ್ ಎಂದು ಕಟ್ಟಪ್ಪಣೆ ಮಾಡಿಬಿಟ್ಟಿದ್ದರು. ಮಾಲೂರಿನಲ್ಲಿ ಅದರ ಮೇಲೆ ಅತಿಥಿಗಳ ಶಾಲು, ಹಾರ, ಹಣ್ಣಿನ ಬುಟ್ಟಿಗಳನ್ನು ಜೋಡಿಸಿದರು. ಕೋಲಾರದಲ್ಲಿ ಒಬ್ಬ ಗಣ್ಯರು ಅದನ್ನು ಸ್ಟೂಲೆಂದುಕೊಂಡು ಕೂರಲು ಹೋಗಿ, ಬಿಸಿ ತಗುಲಿ ಎದ್ದರು.

ನನ್ನ ಅದೃಷ್ಟ ಇದ್ದದ್ದು ಮುಳಬಾಗಿಲಿನಲ್ಲಿ. ಅಲ್ಲಿನ ರಾಜ್ಯೋತ್ಸವಕ್ಕೆ ಒಂದು ಹಳೇ ಪೇಚಿದೆ. ಕೇಳಲು ಬಂದವರಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ತೆಲುಗು ಮಾತಾಡುವವರು. ಮೊದಲ ನಾಲ್ಕು ಹಾಡಿಗೆ ಕೆಂಪು ಹಳದಿ ಬಾವುಟ ಬೀಸಿ ಕುಣಿಯುತ್ತಾರೆ. ಐದನೆಯದಕ್ಕೆ ಚೀಟಿಗಳು ಬರಲು ಶುರು, ಎಲ್ಲದರಲ್ಲೂ ಒಂದೇ ಹಳೇ ತೆಲುಗು ಪ್ರೇಮಗೀತೆ. ಕೊರಳಲ್ಲಿ ಕನ್ನಡದ ಶಾಲು ಹಾಕಿಕೊಂಡ ಸಂಘಟಕರು ವೇದಿಕೆ ಹತ್ತಿ ಬಂದು, ಈ ದಿನ ತೆಲುಗು ಹಾಡು ಕೂಡದೆಂದು ನಮ್ಮ ಯಜಮಾನರಿಗೆ ಕಟ್ಟುನಿಟ್ಟಾಗಿ ಹೇಳಿ ಹೋಗುತ್ತಾರೆ. ಹೇಳುವುದು ತೆಲುಗಿನಲ್ಲಿ. ಇದಕ್ಕೆ ಎಲ್ಲರೂ ಒಪ್ಪಿಕೊಂಡ ಒಂದು ಉಪಾಯವಿದೆ: ಆ ಹಾಡನ್ನು ಬರೀ ವಾದ್ಯದಲ್ಲಿ ನುಡಿಸುವುದು. ಮಾತಿಲ್ಲದ ಮೇಲೆ ಯಾವ ಭಾಷೆ ಎಂದು ಯಾರು ಕೇಳಬೇಕು?

ಪ್ರತಿ ವರ್ಷ ಅದನ್ನು ಕೀಬೋರ್ಡಿನವರು ನುಡಿಸುತ್ತಿದ್ದರು, ಬೇರೆ ಹೇಳಬೇಕೇ, ಗಿಟಾರಿನ ಗುಂಡಿ ಒತ್ತಿ. ಈ ಸಲ ನಾನು ಮೂರು ದಿನ ಯಜಮಾನರ ಬೆನ್ನು ಹತ್ತಿದೆ. ಕೊನೆಗೆ ಅವರು ಸೋತು, ಹಾಳಾಗಿ ಹೋಗು, ನುಡಿಸು ಎಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನಾಲ್ಕು ನಿಮಿಷ ನನ್ನದಾಯಿತು.

ಅವತ್ತು ಮಾವ ಕೋಲಾರದ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಮಾರಿ ನಿರಾಳವಾಗಿದ್ದರು. ಬೆಳೆ ಮುಗಿದು ಮುಂದಿನ ಮೊಟ್ಟೆ ಬರುವವರೆಗೆ ಅವರಿಗೆ ಕೆಲಸವಿರುವುದಿಲ್ಲ. ನಮ್ಮ ವ್ಯಾನಿನಲ್ಲೇ ಹತ್ತಿಸಿಕೊಂಡೆ. ಮುಂದಿನ ಸಾಲಿನಲ್ಲಿ ಕೂತರೆ ಸ್ಪೀಕರಿನ ಗದ್ದಲವೇ ಕೇಳುತ್ತದೆ, ಪೆಟ್ಟಿಗೆಯ ನಿಜವಾದ ದನಿ ಅವರ ಕಿವಿಗೆ ಬೀಳಬೇಕು ಎಂದು ವೇದಿಕೆಯ ಹಿಂಬದಿಯಲ್ಲಿ, ಆಂಪ್ಲಿಫೈಯರಿನ ಬೆನ್ನಿಗೇ, ಕುರ್ಚಿ ಹಾಕಿ ಕೂರಿಸಿದೆ. ಹಾಗೆಂದು ಅವರಿಗೆ ಹೇಳಲು ಸಂಕೋಚವಾಯಿತು. ಯಾರೂ ಮುಟ್ಟದ ಹಾಗೆ ಸ್ವಲ್ಪ ನೋಡಿಕೊಳ್ಳಿ ಎಂದೆ. ಅವರು ಪಂಚೆ ಸರಿಮಾಡಿಕೊಂಡು, ಕಾವಲಿಗೆ ಕೂತವರಂತೆ ನೆಟ್ಟಗೆ ಕೂತರು. ಪಕ್ಕದಲ್ಲಿ ಕುಡಿಯುವ ನೀರಿನ ಡ್ರಮ್ಮಿತ್ತು, ತಣ್ಣಗಿರಲೆಂದು ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿದ್ದರು.

ಸಂಜೆ ನಾಲ್ಕಕ್ಕೆ ಶಾಲೆಯ ಮೈದಾನದಲ್ಲಿ ಶುರುವಾಯಿತು. ನಾಲ್ಕು ಹಾಡು ಆದವು, ಚೀಟಿಗಳು ಬಂದವು, ಸಂಘಟಕರು ಬಂದು ತೆಲುಗಿನಲ್ಲಿ ಗದರಿ ಹೋದರು. ಯಜಮಾನರು ನನ್ನ ಕಡೆ ಕೈ ತೋರಿಸಿದರು.

ಮೊದಲ ಚರಣವನ್ನು ಗುಂಡಿ ಮೂರರಲ್ಲಿಟ್ಟು ಮೆಲ್ಲಗೆ ನುಡಿಸಿದೆ. ಎರಡು ಸಾಲಿಗೇ ಮೈದಾನ ಗುರುತು ಹಿಡಿದು ಶಿಳ್ಳೆ ಹಾಕಿತು. ಮೂರನೆಯ ಸಾಲಿಗೆ ಜನರೇ ಹಾಡಲು ತೊಡಗಿದರು, ಮಾತು ಸಮೇತ, ಅಚ್ಚ ತೆಲುಗಿನಲ್ಲಿ. ಸಂಘಟಕರೂ ಶಾಲು ಬೀಸುತ್ತ ಹಾಡುತ್ತಿದ್ದರು. ನನ್ನ ಗಿಟಾರ್ ನನಗೇ ಸರಿಯಾಗಿ ಕೇಳಿಸದಾಯಿತು. ಚರಣ ಮುಗಿದ ಬಿಡುವಿನಲ್ಲಿ ಹಿಂದೆ ಹೋಗಿ, ಸೌಂಡಿನವರು ಕೈಯೆತ್ತಿ ಬೇಡ ಬೇಡ ಎನ್ನುತ್ತಿದ್ದರೂ ನೋಡದವನಂತೆ, ಗುಂಡಿಯನ್ನು ಆರಕ್ಕೆ ಏರಿಸಿದೆ.

ಆಹಾ, ಎಂಥ ಸ್ವರ ಅದು. ಬೆರಳು ಬಿಗಿ ಮಾಡಿದರೆ ಒಡೆಯಿತು, ಸಡಿಲ ಮಾಡಿದರೆ ತಿಳಿಯಾಯಿತು, ಗ್ಯಾರೇಜಿನವರು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಕಣ್ಣು ಮುಚ್ಚಿಕೊಂಡೆ. ನನ್ನ ಆಯುಷ್ಯದಲ್ಲಿ ನಾನು ಅಷ್ಟು ಚೆನ್ನಾಗಿ ನುಡಿಸಿದ್ದಿಲ್ಲ, ಇದನ್ನು ಜಂಬವಿಲ್ಲದೆ ಹೇಳುತ್ತಿದ್ದೇನೆ. ಅರ್ಧ ನಿಮಿಷವಾಗಿರಬೇಕು. ಹಿಂದಿನಿಂದ ಚುಸ್ ಎಂದಿತು. ಟಿಕ್ ಎಂದಿತು. ಒದ್ದೆ ನಾರಿನ ವಾಸನೆ ಬಂತು. ನನ್ನ ಕೈ ಓಡುತ್ತಲೇ ಇತ್ತು, ಸದ್ದು ನಿಂತುಹೋಗಿತ್ತು.

ಹಾಡು ಮಾತ್ರ ನಿಲ್ಲಲಿಲ್ಲ. ಕೀಬೋರ್ಡಿನವರು ಅರ್ಧ ತಾಳವೂ ತಪ್ಪದಂತೆ ಗಿಟಾರಿನ ಗುಂಡಿ ಒತ್ತಿಬಿಟ್ಟಿದ್ದರು. ಮೈದಾನ ಹಾಡುತ್ತಲೇ ಇತ್ತು.

ತಿರುಗಿ ನೋಡಿದೆ. ಪೆಟ್ಟಿಗೆಯಿಂದ ಹಬೆ ಏಳುತ್ತಿತ್ತು. ಮಾವ ಡ್ರಮ್ಮಿನ ಗೋಣಿಚೀಲವನ್ನು ಬಿಚ್ಚಿ ಅದರ ಮೇಲೆ ಹೊದಿಸಿ, ಹಿಂದೆ ಇಳಿಬಿಟ್ಟು, ಎರಡೂ ತುದಿಗಳನ್ನು ನಾಜೂಕಾಗಿ ಒಳಗೆ ಸಿಕ್ಕಿಸುತ್ತಿದ್ದರು. ಕಡಿದು ತಂದ ಸೊಪ್ಪು ಬಾಡದಿರಲೆಂದು ಅವರು ಒದ್ದೆ ಗೋಣಿ ಹೊದಿಸುವುದು ಹೀಗೆಯೇ. ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗಳಿಗೆ ಕಟ್ಟುವುದೂ ಹೀಗೆಯೇ. ಓಡಿಹೋಗಿ ಪ್ಲಗ್ ಕಿತ್ತೆ. ಅವರಿಗೆ ಶಾಕ್ ಹೊಡೆಯದೆ ಉಳಿದದ್ದು ದೊಡ್ಡದು ಎಂದು ಹೊಳೆದದ್ದು ಆಮೇಲೆ. ಆ ಕ್ಷಣಕ್ಕೆ ಬಂದದ್ದು ಬರೀ ಸಿಟ್ಟು.

"ಏನ್ ಮಾಡಿಬಿಟ್ರಿ ಮಾವ" ಎಂದೆ.

"ತಣ್ಣಗಾಗ್ಲಿ ಅಂತ" ಎಂದರು. "ನೀರು ಚೆನ್ನಾಗಿ ಹಿಂಡೇ ಹಾಕ್ದೆ."

ಮತ್ತೆ ಮಾತಾಡಲು ಸಮಯವಿರಲಿಲ್ಲ. ಸೌಂಡಿನವರು ನನಗೆ ಮಿಕ್ಸರಿನಲ್ಲಿ ಜಾಗ ಮಾಡಿಕೊಡುವ ಗೋಜಿಗೆ ಹೋಗಲಿಲ್ಲ. ಉಳಿದ ಆರು ಹಾಡಿಗೆ ನಾನು ನನ್ನ ಹಳೇ ಕೆಲಸಕ್ಕೆ ಮರಳಿದೆ, ಎಡತುದಿಯಲ್ಲಿ ಕಳೆಯಾಗಿ ನಿಂತೆ. ಕೊನೆಯಲ್ಲಿ ಸಂಘಟಕರು ಮೈಕು ಹಿಡಿದು, ಇವತ್ತಿನ ಗಿಟಾರ್ ವಾದನ ಅಮೋಘವೆಂದು ಹೊಗಳಿ ನನಗೇ ಹಾರ ಹಾಕಿದರು. ಕೀಬೋರ್ಡಿನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ವ್ಯಾನಿನಲ್ಲಿ ನಾನು ಮಾವನ ಕಡೆ ನೋಡಲಿಲ್ಲ. ಕೋಲಾರದ ಕಡೆ ಹೊರಟು ಒಂದಷ್ಟು ದೂರ ಬಂದ ಮೇಲೆ, ರಸ್ತೆ ಪಕ್ಕದ ಅಂಗಡಿಯಲ್ಲಿ ಟೀಗೆ ನಿಲ್ಲಿಸಿದರು. ಉಳಿದವರು ಬೆಂಚಿನ ಮೇಲೆ ಕೂತರು. ನಾವಿಬ್ಬರೂ ವ್ಯಾನಿಗೆ ಒರಗಿ ನಿಂತೆವು. ಮಾವ ಲೋಟ ಹಿಡಿದುಕೊಂಡಿದ್ದರು, ಕುಡಿಯುತ್ತಿರಲಿಲ್ಲ.

"ಸತ್ತೋಯ್ತಾ ಅದು?" ಎಂದು ಕೇಳಿದರು.

ಒಂದು ವಾಲ್ವ್ ಬಿರುಕು ಬಿಟ್ಟಿದೆ, ಬೇರೆ ಹಾಕಿಸಬಹುದು ಎಂದೆ. ಅವರ ಭುಜ ಸ್ವಲ್ಪ ಇಳಿಯಿತು. ನನ್ನ ಸಿಟ್ಟು ಇಳಿದಿರಲಿಲ್ಲ. ಹೊಗೆ ಬಂತಾ, ಬೆಂಕಿ ಹತ್ತಿತಾ, ಏನು ನೋಡಿ ಗೋಣಿಚೀಲ ಹಾಕಿದಿರಿ ಎಂದು ಕೇಳಿದೆ.

"ನೋಡಿ ಅಲ್ಲ" ಎಂದರು. ನಂತರ, ನಾನು ಅವರ ಬಾಯಿಂದ ಒಟ್ಟಿಗೆ ಕೇಳಿರದಷ್ಟು ಮಾತನ್ನು, ಲೋಟದ ಕಡೆ ನೋಡುತ್ತ ನಿಧಾನವಾಗಿ ಹೇಳಿದರು. "ಮೊದಲು ನಯವಾಗಿತ್ತು. ಒಂದೊಂದು ಸ್ವರ ಬಿಡಿಬಿಡಿಯಾಗಿ ಬರ್ತಿತ್ತು. ಆಮೇಲೆ ನೀವು ಬಂದು ಅದೇನೋ ತಿರುಗಿಸಿದ್ರಲ್ಲ, ಅಲ್ಲಿಂದ ಗಂಟಲು ಒಡೀತು. ನೀವು ಮೆಲ್ಲಗೆ ಮೀಟಿದಾಗ ಸರಿಯಾಗೇ ಇರೋದು, ಬಿಗಿಯಾಗಿ ಮೀಟಿದಾಗ ಒಡೆಯೋದು. ಶಾಖ ಜಾಸ್ತಿ ಆದ್ರೆ ಹುಳ ಮೇಯೋ ಸದ್ದೂ ಹಂಗೇ ಒಡೀತದೆ, ಅರ್ಧ ಗಂಟೆ ಬಿಟ್ರೆ ಒಂದೂ ಉಳಿಯಲ್ಲ. ನೀವು ಕಣ್ಣು ಮುಚ್ಕೊಂಡಿದ್ರಿ, ನಿಮಗೆ ಕೇಳಿಸ್ಲಿಲ್ಲ ಅನ್ಕೊಂಡೆ."

ಮೈದಾನದ ತುಂಬ ಜನರಿದ್ದರು. ಸೌಂಡಿನವರಿದ್ದರು, ಯಜಮಾನರಿದ್ದರು, ನನ್ನ ಪಕ್ಕದಲ್ಲೇ ಕೀಬೋರ್ಡಿನವರಿದ್ದರು. ಒಬ್ಬರಾದರೂ ಸ್ವರ ಬದಲಾಯಿತೆಂದು ಹೇಳಿರಲಿಲ್ಲ. ಗ್ಯಾರೇಜಿನವರು ಹೇಳಿದ ಮಾತನ್ನು, ಮೆಲ್ಲಗೆ ಬಿಗಿಯಾಗಿ ಎಂಬ ಆ ಎರಡು ಪದಗಳ ಸಮೇತ, ಈ ಮನುಷ್ಯ ಕುರ್ಚಿಯಲ್ಲಿ ಕೂತು ಕೇಳಿಯೇ ಕಂಡುಕೊಂಡಿದ್ದರು. ಕಂಡುಕೊಂಡದ್ದರಿಂದಲೇ ಗೋಣಿ ಹಾಕಿದ್ದರು.

ನಿಜ ಹೇಳಲೇಬೇಕಾಯಿತು. "ಅದು ಕೆಟ್ಟಿರ್ಲಿಲ್ಲ ಮಾವ. ಬೇಕಂತ್ಲೇ ಒಡೆಸ್ತಿದ್ದೆ. ಹಂಗೆ ಒಡೀಲಿ ಅಂತಾನೇ ಈ ಪೆಟ್ಟಿಗೆ ತಂದಿದ್ದು."

ಮಾವ ತಲೆಯೆತ್ತಿ ನನ್ನ ಮುಖ ನೋಡಿದರು. ರೋಗದ ಮೊಟ್ಟೆಯೇ ಬೇಕೆಂದು ಹಟ ಹಿಡಿದು ತಂದವನನ್ನು ನೋಡುವ ನೋಟ ಅದು. ಟೀ ಒಂದು ಗುಟುಕು ಕುಡಿದರು.

"ಬೇಕಂತ್ಲೇ ಮಾಡಿದ್ದಾದ್ರೆ, ಚೆನ್ನಾಗಿರ್ಲಿಲ್ಲ" ಎಂದರು.

ನನಗೆ ಆ ಕ್ಷಣ ಆದ ಸಂತೋಷವನ್ನು ಹೇಗೆ ಹೇಳಲಿ. ಅವರ ಕೈ ಹಿಡಿದುಕೊಳ್ಳಬೇಕೆನಿಸಿತು, ಅಷ್ಟು ಸಲಿಗೆ ನಮ್ಮಲ್ಲಿಲ್ಲ. ಅವರ ಲೋಟ ಆರಿಹೋಗಿತ್ತು, ಅದನ್ನು ಇಸಿದುಕೊಂಡು ಬಿಸಿ ಟೀ ತಂದುಕೊಟ್ಟೆ. ಅಷ್ಟರಲ್ಲಿ ಫೋನ್ ಬಂತು. ಹೆಂಡತಿ ಕಾರ್ಯಕ್ರಮ ಹೇಗಾಯಿತೆಂದು ಕೇಳಲಿಲ್ಲ.

"ಅಪ್ಪ ಏನಂದ್ರು?" ಎಂದಳು, ಆಗಲೇ ನಗು ಶುರುಮಾಡಿ.

"ಚೆನ್ನಾಗಿರ್ಲಿಲ್ಲ ಅಂದ್ರು ಕಣೇ."

ಅವಳ ನಗು ನಿಂತಿತು. ಆಮೇಲೆ, ಮೆಲ್ಲಗೆ, "ನಿಜವಾಗ್ಲೂ ಕೇಳಿದ್ರಾ ಹಂಗಾದ್ರೆ?" ಎಂದಳು.